ನಟ್ಟು ಬಂತು, ಬೋಲ್ಟು ಬರಲಿಲ್ಲ: ಹಳೆಯ ಝೆನ್‌ನ ಬುಷ್ ಬದಲಿಸಿದ ಕಥೆ

ನಟ್ಟು ಸಲೀಸಾಗಿ ಬಂತು. ಎರಡು ದಿನ ಎಣ್ಣೆ ಕುಡಿಸಿದ್ದಕ್ಕೋ ಏನೋ, 17ರ ಸಾಕೆಟ್ಟಿಗೆ ಉದ್ದದ ಪೈಪು ಸಿಕ್ಕಿಸಿ ಎಳೆದದ್ದೇ ‘ಟಕ್’ ಅಂತ ಬಿಟ್ಟುಕೊಟ್ಟಿತು. ಇನ್ನೇನು, ಬೋಲ್ಟನ್ನು ಆಚೆಯಿಂದ ಎಳೆದರಾಯಿತು ಅಂದುಕೊಂಡು ಅದರ ತಲೆಗೆ ರಿಂಗ್ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಕಾಲು ಸುತ್ತು ತಿರುಗಿತು. ಕೈ ಸಡಿಲಿಸಿದೆ. ಬೋಲ್ಟು ನಿಧಾನಕ್ಕೆ ಹಿಂದಕ್ಕೆ ತಿರುಗಿ ಮೊದಲಿದ್ದ ಜಾಗದಲ್ಲೇ ಬಂದು ನಿಂತಿತು. ಮತ್ತೊಮ್ಮೆ ತಿರುಗಿಸಿದೆ. ಮತ್ತೆ ಹಾಗೇ ವಾಪಸು ಬಂತು.

ಕಾರಿನಡಿ ಅಂಗಾತ ಮಲಗಿ, ಕಣ್ಣಿಗೆ ಉದುರುತ್ತಿದ್ದ ಕೆಂಪು ಪುಡಿ ಒರೆಸಿಕೊಳ್ಳುತ್ತ ಅದನ್ನೇ ನಾಲ್ಕು ಸಲ ನೋಡಿದ ಮೇಲೆ ವಿಷಯ ತಲೆಗೆ ಹೋಯಿತು. ತಿರುಗುತ್ತಿದ್ದದ್ದು ಬೋಲ್ಟು ಮಾತ್ರ ಅಲ್ಲ. ಬುಷ್ಷಿನ, ಅಂದರೆ ಚಕ್ರದ ಆರ್ಮು ಕಾರಿನ ಮೈಗೆ ಸೇರುವ ಕಡೆ ಇರುವ ರಬ್ಬರ್ ಕೀಲಿನ, ಒಳಗಿನ ಉಕ್ಕಿನ ಕೊಳವೆಯೂ ಅದರ ಜೊತೆಗೇ ತಿರುಗುತ್ತಿತ್ತು. ಎರಡೂ ಸೇರಿ ಒಂದೇ ಕಬ್ಬಿಣವಾಗಿದ್ದವು. ಸುತ್ತಲಿನ ರಬ್ಬರು ತಿರುಚಿಕೊಂಡು, ನಾನು ಕೈ ಬಿಟ್ಟ ಕೂಡಲೇ ಅವನ್ನು ಹಿಂದಕ್ಕೆ ಎಳೆಯುತ್ತಿತ್ತು. ಅಂದರೆ ಹಿಡಿದಿರುವುದು ಮರೆಯ (ನಟ್ಟು ಕೂರುವ ಸುರುಳಿ ಗೆರೆಯ) ಹತ್ತಿರ ಅಲ್ಲವೇ ಅಲ್ಲ. ನಾನು ಎರಡು ದಿನ ಎಣ್ಣೆ ಬಿಟ್ಟದ್ದು ತಪ್ಪು ಜಾಗಕ್ಕೆ.

ಈ ಒಂದು ಸಂಗತಿ ಮೊದಲೇ ಗೊತ್ತಿದ್ದರೆ ನನ್ನ ಹನ್ನೊಂದು ದಿನದ ಕೆಲಸ ಆರಕ್ಕೆ ಮುಗಿಯುತ್ತಿತ್ತು. ಹಳೇ ಕಾರು ಇಟ್ಟುಕೊಂಡವರಿಗೆ, ಅದರಲ್ಲೂ ಕಡಲ ಪಕ್ಕದಲ್ಲಿ ಇರುವವರಿಗೆ ಉಪಯೋಗವಾಗಲಿ ಅಂತ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಮರವಂತೆಯ ಹತ್ತಿರ. ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹರಿಯುವ ಜಾಗ. ಫೋಟೊ ತೆಗೆಯಲು ಬರುವವರಿಗೆ ಇದು ಸ್ವರ್ಗ, ಕಬ್ಬಿಣಕ್ಕೆ ಮಾತ್ರ ಅಲ್ಲ. ಮಳೆಗಾಲದಲ್ಲಿ ಅಲೆಯ ತುಂತುರು ರಸ್ತೆವರೆಗೂ ಹಾರುತ್ತದೆ. ಬೇಸಿಗೆಯ ಸಂಜೆ ಕಾರಿನ ಗಾಜಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಇಟ್ಟರೆ ಉಪ್ಪು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಬೇರೆ. ಉಪ್ಪು, ನೀರು ಎರಡೂ ಸೇರಿದ ಮೇಲೆ ತುಕ್ಕಿಗೆ ಇನ್ನೇನು ಬೇಕು?

ಕಾರು 1999ರ ಮಾರುತಿ ಝೆನ್. ಅಪ್ಪಯ್ಯ ಹೊಸತಾಗಿ ಕೊಂಡದ್ದು. 993 ಸಿ.ಸಿ.ಯ ಆ ನಾಲ್ಕು ಸಿಲಿಂಡರಿನ ಇಂಜಿನ್ನು ಇವತ್ತಿಗೂ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. 1993ರಲ್ಲಿ ಶುರುವಾದ ಈ ಮಾಡೆಲ್ಲಿನ ತಯಾರಿ 2006ಕ್ಕೆ ನಿಂತಿತು. ಹಾಗಾಗಿ ಬಿಡಿಭಾಗ ಬೇಕೆಂದರೆ ಹುಡುಕಬೇಕು. ಆದರೂ ಇದನ್ನು ಗುಜರಿಗೆ ಹಾಕುವ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಪ್ಪಯ್ಯ ತೀರಿಕೊಂಡು ಎಂಟು ವರ್ಷವಾಯಿತು. ಅವರು ಡ್ರೈವರ್ ಸೀಟಿನ ಬಾಗಿಲ ಮೇಲೆ ಮೊಣಕೈ ಇಡುತ್ತಿದ್ದ ಕಡೆ ಬಣ್ಣ ಇನ್ನೂ ಸವೆದೇ ಇದೆ.

ತೊಂದರೆ ಶುರುವಾದದ್ದು ಕಳೆದ ವರ್ಷದ ಮಳೆಗಾಲದ ಕೊನೆಗೆ. ಹೊಂಡಕ್ಕೆ ಹಿಂದಿನ ಚಕ್ರ ಇಳಿದಾಗ ‘ಕಟ್’ ಅಂತ ಒಂದು ಸದ್ದು, ಹತ್ತಿದಾಗ ಇನ್ನೊಂದು. ಅರವತ್ತರ ವೇಗದಲ್ಲಿ ಲಾರಿ ಹಿಂದೆ ಹಾಕಲು ಸ್ಟೇರಿಂಗ್ ತಿರುಗಿಸಿದರೆ ಮುಂಭಾಗ ಹೇಳಿದ ಕಡೆ ಹೋಗುತ್ತಿತ್ತು, ಹಿಂಭಾಗ ಮಾತ್ರ ಅರೆಗಳಿಗೆ ಯೋಚಿಸಿ ಆಮೇಲೆ ಬರುತ್ತಿತ್ತು. ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅಂದುಕೊಂಡು ಹೊಸತು ಹಾಕಿಸಿದೆ. ಸದ್ದು ಹೋಗಲಿಲ್ಲ.

ಕಡೆಗೆ ಪತ್ತೆ ಹಚ್ಚಿದ್ದು ಪಂಕ್ಚರ್ ಅಂಗಡಿಯ ಹುಡುಗ. ಚಕ್ರ ಬಿಚ್ಚಿದವನು ಒಳಗೆ ಬಗ್ಗಿ ನೋಡಿ, ಟೈರ್ ಲಿವರನ್ನು ಟ್ರೇಲಿಂಗ್ ಆರ್ಮಿನ (ಹಿಂದಿನ ಆಕ್ಸಲನ್ನು ಕಾರಿನ ಮೈಗೆ ಸೇರಿಸುವ ತೋಳಿನ) ಮುಂತುದಿಯ ಸಂದಿಗೆ ಹಾಕಿ ಮೀಟಿದ. ಆರ್ಮು ಹಿಂದೆ ಮುಂದೆ ಕಾಲು ಇಂಚು ಅಲ್ಲಾಡಿತು. “ಅಣ್ಣ, ಇಲ್ಲಿ ಕಾಣಿ, ರಬ್ಬರೇ ಇಲ್ಲೆ” ಅಂದ. ಟಾರ್ಚ್ ಬಿಟ್ಟು ನೋಡಿದರೆ ಬುಷ್ಷಿನ ರಬ್ಬರು ಅರ್ಧಚಂದ್ರದಂತೆ ಸೀಳಿತ್ತು.

ಝೆನ್‌ನ ಹಿಂದಿನ ಸಸ್ಪೆನ್ಶನ್ ಸರಳ. ಎರಡು ಚಕ್ರಗಳ ನಡುವೆ ಒಂದು ಗಟ್ಟಿ ಆಕ್ಸಲ್. ಅದನ್ನು ಮುಂದಕ್ಕೂ ಹಿಂದಕ್ಕೂ ಹೋಗದ ಹಾಗೆ ಹಿಡಿಯಲು ಎರಡು ಟ್ರೇಲಿಂಗ್ ಆರ್ಮು, ಎಡಕ್ಕೂ ಬಲಕ್ಕೂ ಸರಿಯದ ಹಾಗೆ ತಡೆಯಲು ಅಡ್ಡಕ್ಕೊಂದು ರಾಡು. ಇವು ಕಾರಿನ ಮೈಗೆ ಸೇರುವ ಕಡೆಯಲ್ಲೆಲ್ಲ ರಬ್ಬರ್ ಬುಷ್ಷು. ಬುಷ್ಷೆಂದರೆ ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ಎರಡರ ನಡುವೆ ಅಂಟಿಕೊಂಡ ರಬ್ಬರು. ಬೋಲ್ಟು ಬಿಗಿ ಮಾಡಿದಾಗ ಒಳಗಿನ ಕೊಳವೆ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅದು ಅಲ್ಲಾಡುವ ಹಾಗೇ ಇಲ್ಲ. ಚಕ್ರ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರು ಮಾತ್ರ ತಿರುಚಿಕೊಂಡು ಬಿಚ್ಚಿಕೊಳ್ಳಬೇಕು. ಇದು ಬಾಗಿಲ ತಿರುಗಣಿಯಂತೆ ಉಜ್ಜಿಕೊಂಡು ತಿರುಗುವ ಕೀಲು ಅಲ್ಲ. ಇಲ್ಲಿ ರಬ್ಬರೇ ಕೀಲು.

ಈ ಬುಷ್ಷು ನಾಲ್ಕು ವರ್ಷದ ಹಿಂದೆಯಷ್ಟೇ ಒಂದು ಗ್ಯಾರೇಜಿನಲ್ಲಿ ಬದಲಾಗಿತ್ತು. ಅಷ್ಟು ಬೇಗ ಯಾಕೆ ಸೀಳಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಕೆಲಸದ ಕೊನೆಗೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೂರು ಕಡೆ ಕೇಳಿದೆ. ಒಬ್ಬರು ಬೋಲ್ಟನ್ನು ನೋಡಿಯೇ ಆಗುವುದಿಲ್ಲ ಅಂದರು. ಇನ್ನೊಬ್ಬರು ಗ್ಯಾಸ್ ಕಟಿಂಗ್ ಮಾಡಿ ತೆಗೆಯುತ್ತೇವೆ ಅಂದರು. ಮೂರನೆಯವರು ಗುಜರಿಯಿಂದ ಇಡೀ ಆರ್ಮನ್ನೇ ತಂದು ಕೂರಿಸೋಣ ಅಂದರು. ಹಳೇ ಆರ್ಮಿನ ಜೊತೆ ಹಳೇ ಬುಷ್ಷೂ ಬರುತ್ತದಲ್ಲ, ಅದರಿಂದ ಏನು ಬಂತು? ಜನವರಿಯಲ್ಲಿ ರಜೆ ಹಾಕಿ ನಾನೇ ಮಾಡುವುದು ಅಂತ ನಿಶ್ಚಯಿಸಿದೆ. ಮಳೆ ಇಲ್ಲ, ಸೆಕೆಯೂ ಕಡಿಮೆ, ಹೆಮ್ಮಾಡಿ ಕಡೆ ಗದ್ದೆಗಳಲ್ಲಿ ಸೇವಂತಿಗೆ ಅರಳಿರುವ ಕಾಲ.

ಬುಷ್ಷುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಭಾವ ಹುಡುಕಿ ಕಳಿಸಿಕೊಟ್ಟರು. ಬೋಲ್ಟು, ನಟ್ಟು ಹೊಸತೇ ಬೇಕು ಅಂತ ಒತ್ತಿ ಹೇಳಿದ್ದೆ. ಇಲ್ಲಿ ಒಂದು ಎಚ್ಚರಿಕೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ 12 ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ ಒಂದು ಮರೆಗೂ ಮುಂದಿನದಕ್ಕೂ 1.75 ಮಿಲಿಮೀಟರ್ ಅಂತರ ಇರುತ್ತದೆ. ಈ ಕಾರಿನ ಬೋಲ್ಟಿನ ಮರೆ ಸಣ್ಣದು, 1.25. ದಪ್ಪ ಒಂದೇ ಕಂಡರೂ ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಕೂತರೂ ಅಂಗಡಿಯ ಸಾದಾ ಬೋಲ್ಟಿನ ಉಕ್ಕಿಗೆ ಈ ಕೆಲಸದ ಬಲ ಇಲ್ಲ. ಚಕ್ರವನ್ನು ಹಿಡಿದಿರುವ ಬೋಲ್ಟಿನ ವಿಷಯದಲ್ಲಿ ನಲವತ್ತು ರೂಪಾಯಿ ಉಳಿಸಲು ಹೋಗಬೇಡಿ.

ಕಾರನ್ನು ಎತ್ತುವ ಮುಂಚೆ ನಮ್ಮೂರಿನ ಅಭ್ಯಾಸವೊಂದರ ಬಗ್ಗೆ ಹೇಳಲೇಬೇಕು. ಜ್ಯಾಕಿನಿಂದ ಎತ್ತಿ ಅಡಿಗೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಇಟ್ಟು ನುಗ್ಗುವವರನ್ನು ಎಷ್ಟೋ ಸಲ ನೋಡಿದ್ದೇನೆ. ಮುರಕಲ್ಲು ಗೋಡೆಗೆ ಸರಿ. ಕಾರಿನ ಭಾರ ಒಂದೇ ಚೂಪಿನ ಮೇಲೆ ಬಿದ್ದರೆ ಅದು ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತದೆ. ನಾನು ಎರಡು ಜ್ಯಾಕ್ ಸ್ಟ್ಯಾಂಡ್ ಕೊಂಡೆ, ಬಿಚ್ಚಿದ ಚಕ್ರಗಳನ್ನು ಬಾಗಿಲ ಕೆಳಗಿನ ಅಂಚಿನಡಿ ತಳ್ಳಿಟ್ಟೆ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟೆ. ಆಮೇಲೆ ಕಾರನ್ನು ಕೈಯಿಂದ ಜೋರಾಗಿ ದೂಡಿ ನೋಡಿದೆ. ಬೀಳುವುದಿದ್ದರೆ ನಾನು ಹೊರಗೆ ಇರುವಾಗಲೇ ಬೀಳಲಿ. ಅಮ್ಮ ಜಗಲಿಯಲ್ಲಿ ಕೂತು ಅಷ್ಟೂ ದಿನ ಕಾವಲಿದ್ದರು. ಹತ್ತು ನಿಮಿಷಕ್ಕೊಮ್ಮೆ “ಇದ್ಯಾ?” ಅಂತ ಕೇಳುವುದು, ನಾನು “ಇದ್ದೆ” ಅನ್ನುವುದು.

ಕಾರಿನ ಮುಂಭಾಗದ ಬುಷ್ಷುಗಳನ್ನೂ ಜೊತೆಗೇ ಬದಲಿಸುವುದಿತ್ತು, ಅಲ್ಲಿ ಬಿಚ್ಚುವ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ಬೋಲ್ಟುಗಳು ಎರಡೂ ಕಡೆ ಚೆನ್ನಾಗಿಯೇ ಬಂದವು. ಕಾರಣ ಏನು ಗೊತ್ತೇ? ಇಂಜಿನ್ನಿನ ಹಳೇ ಆಯಿಲ್ ಸೋರಿಕೆ. ವರ್ಷಗಟ್ಟಲೆ ಜಿನುಗಿದ ಎಣ್ಣೆ ಮಣ್ಣಿನ ಜೊತೆ ಸೇರಿ ಬೋಲ್ಟಿಗೆ ಕಪ್ಪು ಅಂಗಿ ತೊಡಿಸಿತ್ತು. ಅದರ ಕೆಳಗೆ ಉಕ್ಕು ಹೊಸದರಂತೆ ಹೊಳೆಯುತ್ತಿತ್ತು. ಸ್ಟೆಬಿಲೈಸರ್ ಬಾರಿನ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಕಂಬಿಯ) ತುದಿಯ ನಟ್ಟು ಕಳಚದಂತೆ ಹಾಕಿದ ಸ್ಪ್ಲಿಟ್ ಪಿನ್ನು ಮಾತ್ರ ತುಂಡಾಗಿ ಒಳಗೇ ಉಳಿಯಿತು. ಸಣ್ಣ ಡ್ರಿಲ್ ಬಿಟ್ಟಿನಿಂದ ತೆಗೆದೆ.

ಹಿಂದಿನ ಬಲಗಡೆಯ ಬೋಲ್ಟು ಮೂರು ದಿನ ತೆಗೆದುಕೊಂಡಿತು. ಅದೂ ಕೊಳವೆಗೆ ಹಿಡಿದಿತ್ತು, ಆದರೆ ಪೂರ್ತಿ ಅಲ್ಲ. ನಟ್ಟನ್ನು ತುದಿಯ ನಾಲ್ಕು ಮರೆಗೆ ವಾಪಸು ಹಾಕಿ, ಅದರ ಮೇಲೆ ಹಿತ್ತಾಳೆ ತುಂಡು ಇಟ್ಟು ಹೊಡೆಯುವುದು. ಹಾಗೆ ಮಾಡಿದರೆ ಮರೆ ಹಾಳಾಗುವುದಿಲ್ಲ. ಆಮೇಲೆ ತಲೆಯನ್ನು ಹಿಂದೆ ಮುಂದೆ ತಿರುಗಿಸುವುದು, ಎಣ್ಣೆ ಬಿಡುವುದು, ರಾತ್ರಿಯಿಡೀ ಬಿಡುವುದು. ಹೊಡೆತದ ಸದ್ದಿಗೆ ಕಿವಿ ಕೊಡಬೇಕು. ಹಿಡಿದಿರುವ ತನಕ ಸದ್ದು ಗಂಟೆಯಂತೆ ಖಣಖಣ ಅನ್ನುತ್ತದೆ. ಮೂರನೆಯ ಸಂಜೆ ಒಂದು ಹೊಡೆತಕ್ಕೆ ಸದ್ದು ಮಂದವಾಯಿತು. ನೋಡಿದರೆ ತಲೆ ಬ್ರಾಕೆಟ್ಟಿನಿಂದ ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಅಲ್ಲಿಂದ ಮುಂದೆ ಅರ್ಧ ಗಂಟೆ.

ಎಡಗಡೆಯದು ಮಾತ್ರ ನಾನು ಮೊದಲಿಗೇ ಹೇಳಿದ ಬೋಲ್ಟು. ಐದು ದಿನ ಎಣ್ಣೆ, ಸುತ್ತಿಗೆ, ತಿರುಗಿಸುವುದು ಎಲ್ಲ ಆಯಿತು. ಕದಲಲಿಲ್ಲ. ಆರನೆಯ ದಿನ ಕುಂದಾಪುರದಲ್ಲಿ ಲೇತ್ ಶಾಪ್ ಇಟ್ಟುಕೊಂಡಿರುವ ನಮ್ಮ ಪರಿಚಯದ ಹಿರಿಯರನ್ನು ಕೇಳಲು ಹೋದೆ. ಮೀನುಗಾರಿಕೆ ಬೋಟುಗಳ ಕೆಲಸ ಮಾಡಿ ಮಾಡಿ ಉಪ್ಪು ತಿಂದ ಕಬ್ಬಿಣದ ಗುಣ ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಬೋಲ್ಟು ತಿರುಗಿ ವಾಪಸು ಬರುವುದನ್ನು ನಾನು ಕೈಯಲ್ಲಿ ಮಾಡಿ ತೋರಿಸಿದೆ. ಮಾತು ಮುಗಿಯುವ ಮೊದಲೇ ತಲೆ ಆಡಿಸಿದರು.

“ಹ್ವಾಯ್, ಅದಿನ್ನ್ ಬತ್ತಿಲ್ಲೆ. ಎಣ್ಣಿ ಬಿಟ್ಟ್ ಎಂತ ಪ್ರಯೋಜ್ನ? ಒಳ್ಗೆ ಹೋಪುಕೆ ಸಂದೇ ಇಲ್ಲೆ.”

“ಬಿಸಿ ಮಾಡಿದ್ರೆ?”

“ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತ್?”

ನಾನು ಸುಮ್ಮನಾದೆ. ಹಿಂದಿನ ಸೀಟಿನ ಕೆಳಗೇ ಟ್ಯಾಂಕು. ಆ ಬ್ರಾಕೆಟ್ಟಿಗೂ ಅದಕ್ಕೂ ದೂರವೇನೂ ಇಲ್ಲ. ಪೆಟ್ರೋಲಿನ ಪೈಪು, ಬ್ರೇಕಿನ ಪೈಪು ಎರಡೂ ಅಲ್ಲೇ ಹಾಯುತ್ತವೆ. ಅಲ್ಲಿ ಗ್ಯಾಸ್ ಬೆಂಕಿಯೂ ಬೇಡ, ಗ್ರೈಂಡರಿನ ಕಿಡಿಯೂ ಬೇಡ. ಗ್ಯಾಸ್ ಕಟಿಂಗ್ ಮಾಡುತ್ತೇನೆ ಅಂದವರ ಕೈಗೆ ಕಾರು ಕೊಡದೆ ಇದ್ದದ್ದು ಒಳ್ಳೆಯದೇ ಆಯಿತು.

“ಕೊಯ್ಕ್” ಅಂದರು ಅವರು. “ಬ್ಲೇಡಂಗೆ, ಕೈಯಂಗೆ. ಎರಡ್ ಬದಿ. ಅವ್ಸರ ಮಾಡ್ಬ್ಯಾಡಿ.”

ತುಕ್ಕು ಹೀಗೆ ಹಿಡಿಯುವುದೇಕೆ ಎಂದು ಆಮೇಲೆ ಯೋಚಿಸಿದಾಗ ಅರ್ಥವಾಯಿತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿಗೂ ಕೊಳವೆಗೂ ನಡುವೆ ಇದ್ದದ್ದು ಕಾಗದದಷ್ಟು ತೆಳು ಸಂದು. ಅಲ್ಲಿ ನೀರು ನಿಂತು ತುಕ್ಕು ಬೆಳೆದರೆ ಅದಕ್ಕೆ ಹೋಗಲು ಜಾಗವಿಲ್ಲ. ಉದ್ದಕ್ಕೂ ಎರಡೂ ಗೋಡೆಗಳನ್ನು ಒತ್ತಿ ಕೂರುತ್ತದೆ, ಬಂಡೆಗೆ ಬೆಣೆ ಹೊಡೆದ ಹಾಗೆ. ಮರೆಯಲ್ಲಿ ಹಿಡಿದ ಬೋಲ್ಟಿಗೆ ಎಣ್ಣೆ ಎರಡು ಸೆಂಟಿಮೀಟರು ಇಳಿದರೆ ಸಾಕು. ಇಲ್ಲಿ ಬೋಲ್ಟಿನ ಉದ್ದಕ್ಕೂ ಇಳಿಯಬೇಕು, ಅದೂ ಸಂದೇ ಇಲ್ಲದ ಕಡೆ.

ಕೊಯ್ಯುವ ಜಾಗ ಯಾವುದು ಎನ್ನುವುದು ಮುಖ್ಯ. ಬುಷ್ಷಿನ ಒಳಕೊಳವೆ ಆರ್ಮಿನ ಕಣ್ಣಿಗಿಂತ (ಬುಷ್ಷು ಕೂರುವ ಬಳೆಗಿಂತ) ಎರಡೂ ಬದಿ ಸ್ವಲ್ಪ ಹೊರಗೆ ಚಾಚಿರುತ್ತದೆ. ಆ ಚಾಚಿದ ಭಾಗದ ಮೇಲೆ, ಆರ್ಮಿನ ಕಣ್ಣಿಗೂ ಬ್ರಾಕೆಟ್ಟಿನ ಕಿವಿಗೂ ಮಧ್ಯೆ, ಬ್ಲೇಡು ಹೋಗುವಷ್ಟೇ ಎಡೆ. ಅಲ್ಲಿ ಕೊಳವೆಯನ್ನೂ ಒಳಗಿನ ಬೋಲ್ಟನ್ನೂ ಸೇರಿಸಿ ಕೊಯ್ದರೆ ಆರ್ಮು ಕೆಳಗೆ ಬೀಳುತ್ತದೆ. ಬ್ರಾಕೆಟ್ಟಿಗೆ ಬ್ಲೇಡು ತಾಗಬಾರದು. ಅದು ಕಾರಿನ ಮೈಗೆ ಬೆಸುಗೆ ಹಾಕಿದ್ದು, ಹೋದರೆ ಹೋಯಿತು.

ಹ್ಯಾಕ್ಸಾದ ಚೌಕಟ್ಟು ಅಲ್ಲಿ ಹಿಡಿಸುವುದಿಲ್ಲ. ಇಂಚಿಗೆ 24 ಹಲ್ಲಿನ ಬೈಮೆಟಲ್ ಬ್ಲೇಡಿನ ಒಂದು ತುದಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ಹಿಡಿ ಮಾಡಿಕೊಂಡೆ. ಹಲ್ಲು ನನ್ನ ಕಡೆಗೆ ಮುಖ ಮಾಡಿರಬೇಕು, ಎಳೆಯುವಾಗ ಕೊಯ್ಯುವ ಹಾಗೆ. ದೂಡುವಾಗ ಕೊಯ್ಯಲು ಹೋದರೆ ಬರಿಯ ಬ್ಲೇಡು ಬಳುಕಿ ತುಂಡಾಗುತ್ತದೆ. ಮೊದಲ ಎರಡು ಬ್ಲೇಡು ಹಾಗೇ ಹೋದವು. ಮೂರನೆಯದಕ್ಕೆ ಲಯ ಸಿಕ್ಕಿತು. ಉದ್ದಕ್ಕೆ ಎಳೆಯುವುದು, ಭಾರ ಬಿಟ್ಟು ಹಿಂದಕ್ಕೆ ಕಳಿಸುವುದು, ಹತ್ತು ಎಳೆತಕ್ಕೊಂದು ಹನಿ ಎಣ್ಣೆ. ಬೇಗ ಬೇಗ ಎಳೆದರೆ ಹಲ್ಲು ಕಾದು ಮೊಂಡಾಗುತ್ತದೆ, ಸಾವಕಾಶ ಎಳೆದರೆ ಬೆಳ್ಳಿಯ ಬಣ್ಣದ ಪುಡಿ ಸಣ್ಣಗೆ ಎಣ್ಣೆಯಲ್ಲಿ ಇಳಿದು ಬರುತ್ತದೆ. ಕೊಳವೆಯ ಮೆತ್ತನೆ ಉಕ್ಕು ಮುಗಿದು ಬ್ಲೇಡು ಬೋಲ್ಟಿಗೆ ತಾಗಿದ ಕ್ಷಣ ಕೈಗೆ ಗೊತ್ತಾಗುತ್ತದೆ. ಸದ್ದು ಸಪೂರವಾಗುತ್ತದೆ, ಪುಡಿ ಕಡಿಮೆಯಾಗುತ್ತದೆ, ಬ್ಲೇಡು ಜಾರಿದ ಹಾಗೆ ಅನ್ನಿಸುತ್ತದೆ. ಅಲ್ಲಿ ಸ್ವಲ್ಪ ಹೆಚ್ಚು ಒತ್ತಬೇಕು, ಆದರೆ ಇನ್ನೂ ನಿಧಾನ.

ಹೊರಗಿನ ಬದಿಗೆ ಎರಡು ಗಂಟೆ ಬೇಕಾಯಿತು. ಒಳಗಿನ ಬದಿಗೆ ಕೈ ಸರಿಯಾಗಿ ಹೋಗದ ಕಾರಣ ಮೂರು ಗಂಟೆ ದಾಟಿತು. ಒಟ್ಟು ಏಳು ಬ್ಲೇಡು. ಕಡೇ ಎಳೆತಕ್ಕೆ ಏನೂ ಸದ್ದಾಗಲಿಲ್ಲ, ಆರ್ಮು ಮೆಲ್ಲನೆ ಬಲಕ್ಕೆ ವಾಲಿ ಕೆಳಗಿಟ್ಟಿದ್ದ ಗೋಣಿಯ ಮೇಲೆ ಬಿತ್ತು. ಜಗಲಿಯಿಂದ “ಇದ್ಯಾ?” ಅಂತ ಬಂತು. “ಬಂತಮ್ಮಾ!” ಅಂದೆ. ಅಮ್ಮ ಎದ್ದು ಬಂದು ಬಗ್ಗಿ ನೋಡಿದರು. ಕೊಯ್ದ ಮೈ ಸಾಣೆ ಹಿಡಿದ ಹಾಗೆ ಹೊಳೆಯುತ್ತಿತ್ತು. ಬೋಲ್ಟು ಎಲ್ಲಿ ಮುಗಿಯುತ್ತದೆ, ಕೊಳವೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ತೋರಿಸಲು ನಡುವೆ ಒಂದು ಕಂದು ಉಂಗುರ ಮಾತ್ರ, ಪೆನ್ಸಿಲ್ಲಿನಲ್ಲಿ ಗೀಚಿದಷ್ಟು ತೆಳು. ಇಷ್ಟು ದಿನ ನನ್ನನ್ನು ತಡೆದು ನಿಲ್ಲಿಸಿದ್ದು ಅದು.

ಬ್ರಾಕೆಟ್ಟಿನ ಒಳಗೆ ತಂತಿ ಬ್ರಷ್ಷು ಹಾಕಿ ತಿಕ್ಕಿದೆ. ಸ್ಕ್ರೂ ಡ್ರೈವರಿನಿಂದ ಎಲ್ಲ ಕಡೆ ಚುಚ್ಚಿ ನೋಡಿದೆ, ಎಲ್ಲಿಯೂ ಒಳಗೆ ಇಳಿಯಲಿಲ್ಲ. ಇಳಿದಿದ್ದರೆ ಅದು ಬುಷ್ಷಿನ ಕೆಲಸ ಆಗಿರುತ್ತಿರಲಿಲ್ಲ, ವೆಲ್ಡಿಂಗ್ ಬಲ್ಲವರ ಕೆಲಸವಾಗುತ್ತಿತ್ತು. ರೆಡ್ ಆಕ್ಸೈಡ್ ಎರಡು ಕೈ ಬಳಿದು ಒಣಗಲು ಬಿಟ್ಟೆ.

ಹಳೇ ಬುಷ್ಷನ್ನು ಆರ್ಮಿನ ಕಣ್ಣಿನಿಂದ ತೆಗೆದು ಹೊಸತು ಕೂರಿಸಲು ಪ್ರೆಸ್ (ಒತ್ತುವ ಯಂತ್ರ) ಬೇಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರಿದ್ದಾರೆ. ಬಳೆ ಓರೆಯಾಗಿ ಇಳಿದು ಕಣ್ಣನ್ನೇ ಅಗಲ ಮಾಡುತ್ತದೆ, ಆಮೇಲೆ ಯಾವ ಬುಷ್ಷೂ ಅದರಲ್ಲಿ ನಿಲ್ಲುವುದಿಲ್ಲ. ಅದೇ ಹಿರಿಯರ ಅಂಗಡಿಗೆ ಹೋದೆ. ಹೋಗುವ ಮುಂಚೆ ಎರಡು ಕೆಲಸ ಮಾಡಿಕೊಂಡಿದ್ದೆ. ಹಳೇ ಬುಷ್ಷು ಎಷ್ಟು ಹೊರಗೆ ಚಾಚಿದೆ ಅಂತ ಅಳತೆ ಬರೆದುಕೊಂಡೆ. ಹೊಸ ಬುಷ್ಷುಗಳನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಫ್ರೀಝರಿನಲ್ಲಿ, ಅಮ್ಮ ತೊಳೆದಿಟ್ಟ ಬಂಗುಡೆಯ ಪಕ್ಕ ಇಟ್ಟೆ. ಮೂರೂವರೆ ಸೆಂಟಿಮೀಟರಿನ ಬಳೆ ಅಷ್ಟು ತಣಿದರೆ ಕೂದಲ ದಪ್ಪದ ಕಾಲು ಭಾಗದಷ್ಟು ಕುಗ್ಗಬಹುದು, ಅಷ್ಟೇ. ಪ್ರೆಸ್ಸಿನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಅವರು ಹೊರಬಳೆಯ ಅಳತೆಗೆ ಸರಿಯಾಗಿ ಒಂದು ಪೈಪಿನ ತುಂಡು ಆರಿಸಿಕೊಂಡರು. ಒತ್ತುವ ಭಾರ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಕೊಳವೆಯ ಮೇಲೆ ಬಿದ್ದರೆ ಕೂರುವ ಮೊದಲೇ ರಬ್ಬರು ಕಿತ್ತು ಬರುತ್ತದೆ. ಹಳೆಯದು ಗುಂಡು ಹೊಡೆದಂಥ ಸದ್ದು ಮಾಡಿ ಹೊರಬಿತ್ತು. ಕಣ್ಣಿನ ಒಳಮೈಯನ್ನು ಎಮರಿ ಹಾಳೆಯಲ್ಲಿ ಉಜ್ಜಿ, ಸೋಪಿನ ನೀರು ಸವರಿ ಹೊಸತನ್ನು ಇಳಿಸಿದರು. ಗ್ರೀಸು ಹಚ್ಚೋಣವಾ ಅಂತ ಕೇಳಿದೆ. ಬೇಡ ಅಂದರು, ರಬ್ಬರು ಪೆಟ್ರೋಲಿಯಂ ಎಣ್ಣೆ ಕುಡಿದರೆ ಊದಿಕೊಂಡು ಮೆತ್ತಗಾಗುತ್ತದೆ. ಎರಡು ಆರ್ಮು, ಅಡ್ಡ ರಾಡು, ಮುಂದಿನ ಎರಡು ಆರ್ಮು ಎಲ್ಲ ಸೇರಿ ಒಂದೂವರೆ ಗಂಟೆಯಲ್ಲಿ ಆಯಿತು.

ಅಲ್ಲಿಯೇ ಅವರು ನನ್ನ ಹರಿದ ಬುಷ್ಷನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೇಳಿದರು: “ಇದನ್ನ್ ಬಿಗಿ ಮಾಡುವತಿಗೆ ಗಾಡಿ ನೆಲದ್ ಮೇಲ್ ಇದ್ದಿತ್ತಾ, ಮೇಲ್ ನೇತಾಡ್ತಿತ್ತಾ?”

ನಾಲ್ಕು ವರ್ಷದ ಹಿಂದೆ ಆ ಗ್ಯಾರೇಜಿನಲ್ಲಿ ನಾನು ನಿಂತು ನೋಡಿದ್ದೆ. ಕಾರು ಲಿಫ್ಟಿನ ಮೇಲಿತ್ತು, ಚಕ್ರಗಳು ನೇತಾಡುತ್ತಿದ್ದವು. ಹಾಗೆಯೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದ್ದರು, ಹಳೇ ಬೋಲ್ಟೇ, ಒಣದೇ. ಕಾರು ಕೆಳಗಿಳಿದ ಕೂಡಲೇ ಆರ್ಮು ಮೇಲೆ ಬಂತು, ಆದರೆ ಒಳಕೊಳವೆ ಕಚ್ಚಿಕೊಂಡಾಗಿತ್ತು. ಅಂದಿನಿಂದ ಆ ರಬ್ಬರು ಹಿಂಡಿ ಇಟ್ಟ ಬೈರಾಸಿನ ಹಾಗೆ ತಿರುಚಿಕೊಂಡೇ ಬದುಕಿತು. ಕಾರು ಸುಮ್ಮನೆ ನಿಂತಿದ್ದಾಗಲೂ ಅದಕ್ಕೆ ಬಿಡುವಿರಲಿಲ್ಲ. ಹೊಂಡ ಬಂದಾಗಲೆಲ್ಲ ಮೊದಲೇ ತಿರುಚಿದ್ದು ಇನ್ನಷ್ಟು ತಿರುಚಬೇಕು. ಸೀಳಿದ್ದು ಆ ಒಂದೇ ದಿಕ್ಕಿಗೆ. ಸುಝುಕಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇದು ಸ್ಪಷ್ಟವಾಗಿ ಇದೆ: ಕಾರನ್ನು ಲಿಫ್ಟಿನಿಂದ ಇಳಿಸಿ, ಒಳಗೆ ಭಾರ ಇಲ್ಲದಾಗ ಈ ನಟ್ಟುಗಳನ್ನು ಬಿಗಿ ಮಾಡಬೇಕು. ನನಗೆ ಇದರ ಬಗ್ಗೆ ನಿಜವಾಗಿ ಸಂಕಟವಾಗುತ್ತದೆ. ಎಷ್ಟು ಕಾರುಗಳಲ್ಲಿ ಒಳ್ಳೆಯ ಬುಷ್ಷುಗಳು ಕೊನೆಯ ಐದು ನಿಮಿಷದ ಅವಸರಕ್ಕೆ ಹಾಳಾಗಿವೆಯೋ. ಯಾರ ಹತ್ತಿರ ಮಾಡಿಸಿದರೂ ಇದೊಂದನ್ನು ಎದುರಿಗೆ ನಿಂತು ಕೇಳಿ.

ಜೋಡಿಸುವಾಗ ಹೊಸ ಬೋಲ್ಟಿನ ನಯವಾದ ಭಾಗಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳದ ಹಾಗೆ ತಾಮ್ರದ ಆಂಟಿ-ಸೀಝ್ ಪೇಸ್ಟು ತೆಳ್ಳಗೆ ಬಳಿದೆ, ಮರೆಯನ್ನು ಒಣಗಿಯೇ ಬಿಟ್ಟೆ. ಮರೆಗೆ ಜಿಡ್ಡು ತಾಗಿದರೆ ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬೋಲ್ಟು ಹೆಚ್ಚು ಎಳೆದುಕೊಳ್ಳುತ್ತದೆ. ನಟ್ಟುಗಳನ್ನು ಕೈಯಲ್ಲಿ ಎಷ್ಟಾಗುತ್ತದೋ ಅಷ್ಟೇ ಹಾಕಿ, ಚಕ್ರ ಕೂರಿಸಿ, ಒಂದೊಂದು ಬದಿಯನ್ನೇ ಎತ್ತಿ ಟೈರಿನಡಿಗೆ ಹಲಸಿನ ಹಲಗೆಗಳನ್ನು ಎರಡೆರಡು ಸರಿಸಿದೆ. ಕಾರಿನ ಭಾರ ಪೂರ್ತಿ ಚಕ್ರದ ಮೇಲೆ, ಅಡಿಗೆ ನನ್ನ ಕೈ ಹೋಗುವಷ್ಟು ಜಾಗ. ಡಿಕ್ಕಿಯ ಮೇಲೆ ಒತ್ತಿ ಒತ್ತಿ ಹತ್ತು ಸಲ ಕುಣಿಸಿದೆ, ಸ್ಪ್ರಿಂಗು ತನ್ನ ಜಾಗಕ್ಕೆ ಬರಲಿ ಅಂತ. ಆಮೇಲೆ ಟಾರ್ಕ್ ರೆಂಚು. ಮ್ಯಾನ್ಯುಯಲ್ಲಿನಲ್ಲಿ ಕೆಜಿ-ಮೀಟರ್ ನೋಡಿದ್ದರೆ, ನಿಮ್ಮ ರೆಂಚಿನಲ್ಲಿ ನ್ಯೂಟನ್-ಮೀಟರ್ ಇದ್ದರೆ, 9.8ರಿಂದ ಗುಣಿಸಬೇಕು. ಒಂದೊಂದೇ ‘ಕ್ಲಿಕ್’ ಅಂದಿತು. ಪ್ರತಿ ನಟ್ಟಿನ ಮೇಲೂ ಬ್ರಾಕೆಟ್ಟಿನ ಮೇಲೂ ಸೇರಿಸಿ ಹಳದಿ ಬಣ್ಣದ ಗೆರೆ ಎಳೆದೆ, ಸಡಿಲವಾದರೆ ಗೆರೆ ತಪ್ಪುತ್ತದೆ.

ಮರುದಿನ ಬೆಳಿಗ್ಗೆ ವೀಲ್ ಅಲೈನ್‌ಮೆಂಟ್ ಮಾಡಿಸಿಕೊಂಡು, ಅಮ್ಮನನ್ನು ಕೂರಿಸಿಕೊಂಡು ಹೆಮ್ಮಾಡಿಯಿಂದ ವಂಡ್ಸೆ ದಾರಿಯಾಗಿ ಕೊಲ್ಲೂರಿಗೆ ಹೋದೆ. ತಿರುವುಗಳಲ್ಲಿ ಹಿಂಭಾಗ ಮುಂಭಾಗದ ಜೊತೆಗೇ ಬರುತ್ತಿತ್ತು. ಕಿವಿ ಪೂರ್ತಿ ಹಿಂದಕ್ಕೇ ಇತ್ತು. ಒಂದು ಉಬ್ಬು, ಒಂದು ಮೋರಿ, ಒಂದು ಕಿತ್ತುಹೋದ ಡಾಂಬರಿನ ತುಂಡು. ಟೈರಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅಮ್ಮ ಮಡಿಲಲ್ಲಿ ಸೇವಂತಿಗೆ ಹಿಡಿದುಕೊಂಡು ಕೂತಿದ್ದರು. ವಂಡ್ಸೆ ದಾಟಿದ ಮೇಲೆ ನಿದ್ದೆ ಹೋದರು.

ಐನೂರು ಕಿಲೋಮೀಟರ್ ಆದ ಮೇಲೆ ಅಡಿಗೆ ಹೋಗಿ ನೋಡಿದೆ, ಹಳದಿ ಗೆರೆಗಳು ನೇರವಾಗಿಯೇ ಇದ್ದವು. ಮಳೆಗಾಲ ಬಂತು, ಹೋಯಿತು. ಅಕ್ಟೋಬರಿನ ಒಂದು ಭಾನುವಾರ ಮತ್ತೆ ಹಲಗೆ ಹಾಕಿ, ಸ್ಟ್ಯಾಂಡ್ ಕೊಟ್ಟು, ಎಡಗಡೆಯ ಅದೇ ನಟ್ಟನ್ನು ಬಿಚ್ಚಿದೆ. ಬೋಲ್ಟಿನ ತಲೆಯನ್ನು ಸ್ಪ್ಯಾನರಿನಿಂದ ತಿರುಗಿಸಿದೆ. ಕಾಲು ಸುತ್ತು ತಿರುಗಿತು. ಕೈ ಬಿಟ್ಟು ಕಾದೆ. ಅದು ತಿರುಗಿದಲ್ಲೇ ನಿಂತಿತು. ಆರ್ಮಿನ ಭಾರಕ್ಕೆ ಜ್ಯಾಕು ಕೊಟ್ಟು ಎಳೆದರೆ ಎರಡು ಬೆರಳಿಗೆ ಬಂತು, ಉದ್ದಕ್ಕೂ ತಾಮ್ರದ ಬಣ್ಣ. ಒರೆಸಿ, ಹೊಸ ಪೇಸ್ಟು ಬಳಿದು, ವಾಪಸು ಹಾಕಿ, ಕಾರನ್ನು ಚಕ್ರದ ಮೇಲೆ ಇಳಿಸಿದ ಮೇಲೆ ಬಿಗಿ ಮಾಡಿದೆ.